ಲಂಡನ್ ಪಾರ್ಲಿಮೆಂಟಿನ ಸಾರ್ವಜನಿಕ ಗ್ಯಾಲರಿ: ಐದಕ್ಕೆ ನಾಲ್ಕು ಸ್ಟಾರ್

ದುಡ್ಡಿಲ್ಲ, ಪಾಸಿಲ್ಲ, ಶಾಸಕರ ಶಿಫಾರಸು ಚೀಟಿ ಬೇಡ. ಲಂಡನ್ನಿನಲ್ಲಿ ಪುಕ್ಕಟೆ ನೋಡಬಹುದಾದ್ದರಲ್ಲಿ ಅಲ್ಲಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಗ್ಯಾಲರಿಗೆ ಸಮನಾದದ್ದು ನನಗಂತೂ ಸಿಕ್ಕಿಲ್ಲ. ಬುಧವಾರ ಮಧ್ಯಾಹ್ನದ ಪ್ರಧಾನಿ ಪ್ರಶ್ನೋತ್ತರಕ್ಕೆ ಮಾತ್ರ ಅಲ್ಲಿಯವರು ತಮ್ಮ ಸಂಸದರ ಮೂಲಕ ಮೊದಲೇ ಟಿಕೆಟ್ ಮಾಡಿಸಿಕೊಂಡಿರುತ್ತಾರೆ. ಅದು ಮುಗಿದ ಮೇಲೆ ನಮ್ಮಂಥ ಪರದೇಶಿಗಳೂ ಸಾಲಿನಲ್ಲಿ ನಿಂತು ಒಳಗೆ ಹೋಗಬಹುದು.

ನಾನು ವಿಧಾನಸಭೆಯ ಸಚಿವಾಲಯದಲ್ಲಿ ಶೀಘ್ರಲಿಪಿ ಬರೆದು ನಿವೃತ್ತನಾದವನು. ಹಾಗಾಗಿ ಈ ವಿಮರ್ಶೆಯಲ್ಲಿ ಕಸುಬಿನ ಹೊಟ್ಟೆಕಿಚ್ಚು ಸ್ವಲ್ಪ ಇದ್ದೀತು. ಮಗಳು ಹ್ಯಾರೋದಲ್ಲಿದ್ದಾಳೆ. 'ಅಪ್ಪಾ, ಮೂವತ್ತು ವರ್ಷ ನೋಡಿದ್ದು ಸಾಲದೇನೋ, ಇಲ್ಲೂ ಅದೇ ಗಲಾಟೆ ನೋಡ್ಬೇಕಾ?' ಅಂತ ಗೊಣಗಿಕೊಂಡೇ ಜೊತೆಗೆ ಬಂದಳು.

ನಾವು ಹೋದದ್ದು 2019ರ ಏಪ್ರಿಲ್ 3. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ, ಅಂದರೆ ಬ್ರೆಕ್ಸಿಟ್‌ನ, ತಾರೀಖು ಅಂತ ಗೊತ್ತು ಮಾಡಿದ್ದ ಮಾರ್ಚ್ 29 ದಾಟಿತ್ತು, ಬಿಟ್ಟಿರಲಿಲ್ಲ. ಒಕ್ಕೂಟದಿಂದ ಹೊರಬೀಳಲು ಆಗಿನ ಪ್ರಧಾನಿ ಥೆರೆಸಾ ಮೇ ಮಾಡಿಕೊಂಡಿದ್ದ ಒಪ್ಪಂದ ಅಷ್ಟರಲ್ಲಿ ಮೂರು ಸಲ ಬಿದ್ದಿತ್ತು: ಜನವರಿಯಲ್ಲಿ 432–202, ಮಾರ್ಚ್ 12ಕ್ಕೆ 391–242, ಮಾರ್ಚ್ 29ಕ್ಕೆ 344–286. ಹಾಗಾದರೆ ನಿಮಗೆ ಬೇಕಾದ್ದೇನು ಅಂತ ಸದನವನ್ನೇ ಕೇಳಿದರೆ, ಮುಂದಿಟ್ಟ ಎಂಟು ದಾರಿಗಳಿಗೂ ಬೇಡ ಎಂದಿತ್ತು. ಏಪ್ರಿಲ್ 1ರಂದು ಮತ್ತೆ ನಾಲ್ಕು ಇಟ್ಟರು, ನಾಲ್ಕೂ ಹೋದವು. ಯುರೋಪಿನ ಜೊತೆ ಒಂದೇ ಸುಂಕದ ವ್ಯವಸ್ಥೆ ಇಟ್ಟುಕೊಳ್ಳುವ ಸುಂಕ ಒಕ್ಕೂಟದ ಪ್ರಸ್ತಾಪ ಸೋತದ್ದು ಬರೀ ಮೂರು ಮತಕ್ಕೆ, 273–276.

ಪ್ರವೇಶ ಕ್ರಾಮ್‌ವೆಲ್ ಪ್ರತಿಮೆಯ ಪಕ್ಕದಿಂದ. ತಪಾಸಣೆ ವಿಮಾನ ನಿಲ್ದಾಣದ ಮಟ್ಟದ್ದು. ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಹಾಲ್, ಸುಮಾರು 900 ವರ್ಷ ಹಳೆಯದು. ಅದರ ಮರದ ಚಾವಣಿಯನ್ನು ಕತ್ತೆತ್ತಿ ನೋಡದೆ ಮುಂದೆ ಹೋಗಬೇಡಿ. ಪಕ್ಕದ ಜೂಬಿಲಿ ಕೆಫೆಯಲ್ಲಿ ಚಹಾ ಸಿಗುತ್ತದೆ, ಅದರ ಬಗ್ಗೆ ಮೈಸೂರು ಕಡೆಯವರು ಹೆಚ್ಚು ಆಸೆ ಇಟ್ಟುಕೊಳ್ಳುವುದು ಬೇಡ.

ಗ್ಯಾಲರಿಗೂ ಸದನಕ್ಕೂ ನಡುವೆ ದಪ್ಪ ಗಾಜು ಇದೆ. ನಾವು ಹೋಗುವುದಕ್ಕೆ ಎರಡು ದಿನ ಮೊದಲು ಹವಾಮಾನ ಹೋರಾಟಗಾರರು ಮೈಮೇಲಿನ ಬಟ್ಟೆ ಕಳಚಿ ಇದೇ ಗಾಜಿಗೆ ಕೈ ಅಂಟಿಸಿಕೊಂಡು ನಿಂತಿದ್ದರಂತೆ. ಕೆಳಗೆ ಬ್ರೆಕ್ಸಿಟ್ ಚರ್ಚೆ ಹಾಗೇ ನಡೆದಿತ್ತು! ಎದುರು ತುದಿಗೆ ಸ್ಪೀಕರ್ ಪೀಠ, ನಮ್ಮ ಎಡಕ್ಕೆ ಸರ್ಕಾರ, ಬಲಕ್ಕೆ ವಿರೋಧ ಪಕ್ಷ. ಟಿವಿಯಲ್ಲಿ ದೊಡ್ಡದಾಗಿ ಕಾಣುವ ಸಭಾಂಗಣ ನಿಜಕ್ಕೂ ಇಕ್ಕಟ್ಟು: 650 ಸದಸ್ಯರಿಗೆ 427 ಆಸನ. ತಡವಾಗಿ ಬಂದವರು ಬಾಗಿಲ ಬಳಿ ನಿಂತುಕೊಂಡಿರುತ್ತಾರೆ. ವರದಿಗಾರರು ಸ್ಪೀಕರ್ ತಲೆಯ ಮೇಲಿನ ಗ್ಯಾಲರಿಯಲ್ಲಿ ಕೂರುತ್ತಾರೆ. ಗಲಾಟೆ ಮಾಡುತ್ತ ಸದನದ ಬಾವಿಗಿಳಿದವರ ನಡುವೆ ಕೂತು ಪುಸ್ತಕ ಕಾಪಾಡಿಕೊಂಡು ಬರೆದವನಿಗೆ ಆ ಎತ್ತರ ನೋಡಿ ಏನನ್ನಿಸಿರಬೇಕು, ನೀವೇ ಊಹಿಸಿ.

ಮತಕ್ಕೆ ಹಾಕಿದಾಗ ಗುಂಡಿ ಒತ್ತುವ ಪದ್ಧತಿ ಇಲ್ಲ. ಗಂಟೆ ಬಾರಿಸುತ್ತದೆ. ಎಂಟು ನಿಮಿಷದಲ್ಲಿ ಕಟ್ಟಡದ ಯಾವ ಮೂಲೆಯಲ್ಲಿದ್ದರೂ ಓಡಿ ಬಂದು ಹೌದು ಎನ್ನುವವರು ಒಂದು ಪಡಸಾಲೆಗೆ, ಇಲ್ಲ ಎನ್ನುವವರು ಇನ್ನೊಂದಕ್ಕೆ ಹೋಗಬೇಕು. ಆಮೇಲೆ ಬಾಗಿಲಿಗೆ ಬೀಗ. ಒಬ್ಬೊಬ್ಬರನ್ನೇ ಎಣಿಸುತ್ತಾರೆ. ಅಷ್ಟು ಹೊತ್ತೂ ಸದನ ಸಂತೆಯಂತೆ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಯಾರು ಯಾರ ಹೆಗಲ ಮೇಲೆ ಕೈ ಹಾಕುತ್ತಾರೆ ನೋಡಿ. ಅರ್ಧ ರಾಜಕೀಯ ಅಲ್ಲೇ ತಿಳಿಯುತ್ತದೆ.

ಅವತ್ತು ಒಂದು ತಿದ್ದುಪಡಿಗೆ ಎಣಿಕೆ ಮುಗಿದಾಗ ಬಂದ ಲೆಕ್ಕ 310–310. ನನ್ನ ಸೇವೆಯುದ್ದಕ್ಕೂ ನಿಯಮಾವಳಿ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಸ್ಪೀಕರ್ ಜಾನ್ ಬರ್ಕೋ ಎದ್ದು ತಮ್ಮ ನಿರ್ಣಾಯಕ ಮತವನ್ನು 'ಇಲ್ಲ' ಕಡೆಗೆ ಹಾಕಿದರು. ಸದನದಲ್ಲೇ ಇಲ್ಲದ ಬಹುಮತವನ್ನು ಪೀಠ ಹುಟ್ಟಿಸಬಾರದು ಎನ್ನುವುದು ಹಳೆಯ ಸಂಪ್ರದಾಯ. ಇದಕ್ಕೆ ಹಿಂದೆ ಹೀಗೆ ಸಮ ಬಂದದ್ದು 1993ರಲ್ಲಿ, ಅದೂ ಯುರೋಪಿನ ಮಾಸ್ಟ್ರಿಕ್ಟ್ ಒಪ್ಪಂದದ ಮೇಲೆಯೇ. ಬೆನ್ನಿಗೇ ಮೂಲ ನಿರ್ಣಯ, ಅಂದರೆ ಒಂದು ಮಸೂದೆಯನ್ನು ಅವತ್ತೇ ಚರ್ಚೆಗೆ ತೆಗೆದುಕೊಳ್ಳಬೇಕೆನ್ನುವುದು, 312–311ಕ್ಕೆ ಗೆದ್ದಿತು. ಮಗಳು ಗೊಣಗುವುದನ್ನು ನಿಲ್ಲಿಸಿ ಗಾಜಿನ ಕಡೆಗೆ ಬಗ್ಗಿ ಕೂತಿದ್ದಳು.

ಮಿಕ್ಕದ್ದನ್ನು ಮನೆಯಲ್ಲಿ ಪಾರ್ಲಿಮೆಂಟಿನದೇ ನೇರಪ್ರಸಾರದ ಜಾಲತಾಣದಲ್ಲಿ ನೋಡಿದೆವು. ಅದೂ ಪುಕ್ಕಟೆ, ಹಳೆಯ ಕಲಾಪಗಳೂ ಸಿಗುತ್ತವೆ. ಒಪ್ಪಂದವಿಲ್ಲದೆ ಹೊರಬೀಳದಂತೆ ಇನ್ನಷ್ಟು ಕಾಲಾವಕಾಶ ಕೇಳಲೇಬೇಕೆಂದು ಪ್ರಧಾನಿಯನ್ನು ಕಟ್ಟಿಹಾಕುವ ಆ ಮಸೂದೆ ರಾತ್ರಿ ಹನ್ನೊಂದರ ಮೇಲೆ 313–312ಕ್ಕೆ ಪಾಸಾಯಿತು. ಮಾರನೇ ದಿನ ಚಾವಣಿಯಿಂದ ನೀರು ಸುರಿದು ಕಲಾಪವನ್ನೇ ನಿಲ್ಲಿಸಬೇಕಾಯಿತು. ನಮ್ಮ ಅದೃಷ್ಟ, ಒಂದು ದಿನ ಮುಂಚೆ ಹೋಗಿದ್ದೆವು.

ಈ ಗ್ಯಾಲರಿಯನ್ನು ಕನ್ನಡಿಗರಿಗೆ ನಾನು ಒತ್ತಾಯಿಸಿ ಹೇಳುವುದು ಒಂದೇ ಕಾರಣಕ್ಕೆ. ಜನವರಿಯ ಮತದಾನದಲ್ಲಿ ಆಡಳಿತ ಪಕ್ಷದ 118 ಮಂದಿಯೇ ತಮ್ಮ ಪ್ರಧಾನಿಯ ವಿರುದ್ಧ ಮತ ಹಾಕಿ, ಮರುದಿನ ಅದೇ ಬೆಂಚಿನಲ್ಲಿ ಕೂತರು. ನಮ್ಮಲ್ಲಾಗಿದ್ದರೆ 118 ಅನರ್ಹತೆ ಅರ್ಜಿ! ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಸೆಪ್ಟೆಂಬರಿನಲ್ಲಿ ಮೇ ಅವರ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ತಮ್ಮ ವಿರುದ್ಧ ಮತ ಹಾಕಿದ 21 ಜನರನ್ನು ಪಕ್ಷದ ಗುಂಪಿನಿಂದ ಹೊರಹಾಕಿದಾಗಲೂ ಅವರ ಸಂಸದ ಸ್ಥಾನಕ್ಕೆ ಏನೂ ಆಗಲಿಲ್ಲ. ಆ ಜಾನ್ಸನ್ ಪಕ್ಷದ ನಾಯಕನಾಗಿ ಆಯ್ಕೆಯಾದ ಜುಲೈ 23ರಂದೇ ಸಂಜೆ ನಮ್ಮ ವಿಧಾನಸಭೆಯಲ್ಲಿ ಸಾಲು ಸಾಲಾಗಿ ತಲೆ ಎಣಿಸಿ ಕುಮಾರಸ್ವಾಮಿಯವರ ಸರ್ಕಾರ 99–105ಕ್ಕೆ ಬಿತ್ತು. ಆ ಬಿಕ್ಕಟ್ಟು ನಡೆದದ್ದೆಲ್ಲ ಮುಂಬೈ ಹೋಟೆಲಿನಲ್ಲಿ, ಸದನಕ್ಕೆ ಬಂದದ್ದು ಫಲಿತಾಂಶ ಮಾತ್ರ. 17 ಮಂದಿ ಅನರ್ಹರಾದರು. ಲಂಡನ್ನಿನವರ ಬಿಕ್ಕಟ್ಟು ಪೂರ್ತಿಯಾಗಿ ಸದನದೊಳಗೇ, ಗಾಜಿನಾಚೆಗಿದ್ದವರ ಕಣ್ಣೆದುರಿಗೇ ನಡೆಯಿತು. ಯಾವುದಕ್ಕೂ ಬಹುಮತ ಇಲ್ಲ ಎನ್ನುವುದು ಜನರಿಗೆ ಅಂಕಿಗಳಲ್ಲೇ ಗೊತ್ತಾಯಿತು. ತಿಂಗಳುಗಟ್ಟಲೆ ಕೆಲಸ ಕೆಟ್ಟಿತು, ಸುಳ್ಳಲ್ಲ. ಡಿಸೆಂಬರ್ ಚುನಾವಣೆಯಲ್ಲಿ ಜಾನ್ಸನ್‌ಗೆ 365 ಸ್ಥಾನ ಬಂದ ಮೇಲೆಯೇ ಗಂಟು ಬಿಚ್ಚಿ, 2020ರ ಜನವರಿ 31ಕ್ಕೆ ಬ್ರಿಟನ್ ಹೊರಗೆ ಬಂತು. ಆದರೂ ಎರಡರಲ್ಲಿ ಯಾವುದರ ವರದಿ ಬರೆಯಲು ಇಷ್ಟ ಎಂದರೆ ನಾನು ಲಂಡನ್ನಿನದನ್ನೇ ಹೇಳುತ್ತೇನೆ.

ಕಳೆದ ಒಂದು ಸ್ಟಾರಿನ ಲೆಕ್ಕ: ಗ್ಯಾಲರಿಯ ನೇರ ಕೆಳಗೆ ಕೂತ ಸದಸ್ಯರು ಕಾಣುವುದೇ ಇಲ್ಲ, ದನಿ ಮಾತ್ರ. ತಿದ್ದುಪಡಿ ಯಾವುದು, ಮೂಲ ನಿರ್ಣಯ ಯಾವುದು ಅಂತ ಹೊಸಬರಿಗೆ ಬಿಡಿಸಿ ಹೇಳುವವರು ಯಾರೂ ಇಲ್ಲ. ಅವತ್ತಿನ ಕಾರ್ಯಕಲಾಪ ಪಟ್ಟಿಯನ್ನು ಮೊದಲೇ ಓದಿಕೊಂಡು ಹೋಗಿ. ಮುಗಿದ ಮೇಲೆ ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, ಕಾಲ್ನಡಿಗೆಯಲ್ಲೇ ಹೋಗಬಹುದು. ಶುಕ್ರವಾರ ಮಾತ್ರ ಹೋಗಬೇಡಿ. ಬಹುತೇಕ ಶುಕ್ರವಾರ ಸದನ ಸೇರುವುದಿಲ್ಲ, ಸೇರಿದರೂ ಖಾಸಗಿ ಸದಸ್ಯರ ಮಸೂದೆಗಳು, ಬೆಂಚೆಲ್ಲ ಖಾಲಿ.