ಎಂಜಿನ್ ಮೀಟರ್‌ಗಳ ಜಾಗಕ್ಕೆ ಡಿಜಿಟಲ್ ಪರದೆ: ದುಡ್ಡು ಹಾಕಬೇಕಾದದ್ದು ಎಲ್ಲಿ?

ದೋಣಿಯ ಹಳೆಯ ಡೀಸೆಲ್ ಎಂಜಿನ್‌ಗೆ ಡಿಜಿಟಲ್ ಮಾನಿಟರಿಂಗ್ ಹಾಕಿಸಲು ಹೊರಟವರು ಮೊದಲು ಕೇಳುವುದು, ಯಾವ ಡಿಸ್‌ಪ್ಲೇ ತಗೊಳ್ಳಲಿ ಎಂದು. ಆ ಪ್ರಶ್ನೆ ಕೊನೆಗೆ ಬರಲಿ. ಪರದೆ ತನಗೆ ಬಂದ ಅಂಕಿಯನ್ನು ತೋರಿಸುತ್ತದೆ, ಅಷ್ಟೇ; ಅಂಕಿ ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ಎಂಜಿನ್ ಮೇಲಿನ ಸೆಂಡರ್ (ಅಳತೆ ಕಳಿಸುವ ಸೆನ್ಸರ್) ಕೊಡುವ ಓಮ್‌ಗಳನ್ನು ಒತ್ತಡ, ಉಷ್ಣತೆಯಾಗಿ, ಆಲ್ಟರ್ನೇಟರ್‌ನ ಪಲ್ಸ್‌ಗಳನ್ನು ಆರ್‌ಪಿಎಂ ಆಗಿ ಬದಲಿಸುವ ಗೇಟ್‌ವೇ ಸರಿಯಿಲ್ಲದಿದ್ದರೆ ದೊಡ್ಡ ಟಚ್ ಸ್ಕ್ರೀನ್ ಹಾಕಿದರೂ ಅದು ಹೊರಗೆ ಥಳಕು, ಒಳಗೆ ಹುಳುಕು.

ಇಲ್ಲಿ ನೋಡುತ್ತಿರುವುದು ಮೂರು ಭಾಗಗಳ ಜೋಡಣೆ: ಎಂಜಿನ್‌ಗೆ ಆಕ್ಟಿಸೆನ್ಸ್ ಇಎಂಯು-1 ಎಂಬ ಗೇಟ್‌ವೇ, ಬ್ಯಾಟರಿ ಮತ್ತು ಟ್ಯಾಂಕ್‌ಗಳಿಗೆ ವಿಕ್ಟ್ರಾನ್ ಸರ್ಬೋ ಜಿಎಕ್ಸ್ ಎಂಬ ಮಾನಿಟರಿಂಗ್ ಪೆಟ್ಟಿಗೆ, ಚುಕ್ಕಾಣಿಯ ಮುಂದೆ ನಾಲ್ಕು ಇಂಚಿನ ಒಂದು ಇನ್‌ಸ್ಟ್ರುಮೆಂಟ್ ಡಿಸ್‌ಪ್ಲೇ. ಮೂರನ್ನೂ ಹೆಣೆಯುವುದು ದೋಣಿಯ ಉಪಕರಣಗಳು ಪರಸ್ಪರ ಮಾತಾಡುವ ಎನ್‌ಎಂಇಎ 2000 ನೆಟ್‌ವರ್ಕ್. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಲ್ಲದ ಮೆಕ್ಯಾನಿಕಲ್ ಎಂಜಿನ್‌ಗೆ ಈ ಜೋಡಣೆ ಸರಿಹೊಂದುತ್ತದೆ. ಎಂಜಿನ್ ಜೆ1939 ಎಂಬ ಎಂಜಿನ್ ಜಾಲದ ಭಾಷೆಯಲ್ಲಿ ಮಾತಾಡುವಂಥದ್ದಾದರೆ ಇಎಂಯು-1 ಬೇಕಿಲ್ಲ, ಜೆ1939ರಿಂದ ಎನ್‌ಎಂಇಎ 2000ಕ್ಕೆ ಬದಲಿಸುವ ಗೇಟ್‌ವೇ ಬೇಕು. ಎರಡೂ ಕ್ಯಾನ್ ಬಸ್ (ಜೋಡಿ ತಂತಿಯಲ್ಲಿ ಸಂದೇಶ ಸಾಗಿಸುವ ಜಾಲ), ಎರಡರ ವೇಗವೂ ಸಾಮಾನ್ಯವಾಗಿ ಸೆಕೆಂಡಿಗೆ 250 ಕಿಲೋಬಿಟ್, ಹಾಗಾಗಿ ತಂತಿಗೆ ತಂತಿ ಸೇರಿಸಿದರೆ ಸಾಕು ಎಂದುಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಸಂದೇಶಗಳ ಅರ್ಥ ಬೇರೆ, ಮೇಲಾಗಿ ಎಂಜಿನ್‌ನ ನಿಯಂತ್ರಣ ಜಾಲಕ್ಕೆ ಪರದೆಗಳ ಗೊಂದಲ ನುಗ್ಗುತ್ತದೆ. ಮರ್ಕ್ಯುರಿಯ ಸ್ಮಾರ್ಟ್‌ಕ್ರಾಫ್ಟ್, ವೋಲ್ವೋ ಪೆಂಟಾದ ಇವಿಸಿ ತರಹ ಕಂಪನಿಯದೇ ಜಾಲ ಇರುವ ಎಂಜಿನ್‌ಗಳಿಗೆ ಆಯಾ ವ್ಯವಸ್ಥೆಗೆಂದೇ ಮಾಡಿದ ಗೇಟ್‌ವೇ ಹಾಕಬೇಕು.

ಇಎಂಯು-1ರಲ್ಲಿ ಆರು ಗೇಜ್ ಇನ್‌ಪುಟ್, ನಾಲ್ಕು ಅಲಾರಂ ಇನ್‌ಪುಟ್, ಎರಡು ಟ್ಯಾಕೋ ಇನ್‌ಪುಟ್ ಇವೆ. ಒಂದು ಎಂಜಿನ್‌ಗೆ ಧಾರಾಳ. ಇದರ ದೊಡ್ಡ ಗುಣವೆಂದರೆ ಹಳೆಯ ಮುಳ್ಳಿನ ಮೀಟರ್ ಕೀಳಬೇಕಿಲ್ಲ. ಸೆಂಡರ್ ತಂತಿಗೆ ಸಮಾನಾಂತರವಾಗಿ ಜೋಡಿಸಿ, ಯಾವ ಸೆಂಡರ್ ಜೊತೆ ಯಾವ ಮೀಟರ್ ಇದೆ ಎಂದು ಸಾಫ್ಟ್‌ವೇರ್‌ನಲ್ಲಿ ಹೇಳಿದರಾಯಿತು. ಮೀಟರನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು ಕೆಲವು ವಾರ ತಾಳೆ ನೋಡಬಹುದು. ಬೇಸರದ ವಿಷಯ ಸೆಟ್ಟಿಂಗ್‌ನದು. ಡಿಸ್‌ಪ್ಲೇಯಿಂದ ಇದನ್ನು ಸೆಟ್ ಮಾಡಲಾಗದು; ಎನ್‌ಜಿಟಿ-1 ತರಹದ ಯುಎಸ್‌ಬಿ ಗೇಟ್‌ವೇ ಮತ್ತು ಒಂದು ವಿಂಡೋಸ್ ಲ್ಯಾಪ್‌ಟಾಪ್ ಬೇಕು. ಒಮ್ಮೆ ಮಾತ್ರ ಬಳಸುವ ಪೆಟ್ಟಿಗೆಗೆ ಇಷ್ಟು ಖರ್ಚೇ ಎನ್ನಿಸುವುದು ಸಹಜ. ಯಾರಾದರೂ ಎರಡು ದಿನಕ್ಕೆ ಕೊಟ್ಟರೆ ತಂದುಕೊಳ್ಳಿ.

ಸೆಟ್ಟಿಂಗ್‌ಗೆ ಕೂರುವ ಮುಂಚೆ ಸೆಂಡರ್‌ಗಳ ಜಾತಿ ತಿಳಿದಿರಲಿ. ಟ್ಯಾಂಕ್ ಸೆಂಡರ್‌ಗಳಲ್ಲಿ ಎರಡು ಪಂಗಡ: ಅಮೆರಿಕನ್ ಮಾದರಿ ಖಾಲಿಯಿದ್ದಾಗ 240 ಓಮ್, ತುಂಬಿದಾಗ 33, ಯುರೋಪಿಯನ್ ಮಾದರಿ ಖಾಲಿಗೆ 10, ತುಂಬಿದಾಗ 180. ಅದಲುಬದಲಾದರೆ ಖಾಲಿ ಟ್ಯಾಂಕ್ ತುಂಬಿದಂತೆ ಕಾಣುತ್ತದೆ, ಇದಕ್ಕಿಂತ ಅಪಾಯದ ತಪ್ಪು ಬೇರೊಂದಿಲ್ಲ. ತಂತಿ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ನೇರವಾಗಿ ಅಳೆದುಬಿಡಿ, ಎರಡು ನಿಮಿಷದ ಕೆಲಸ. ಉಷ್ಣತೆಯ ಸೆಂಡರ್ ಬಿಸಿಯಾದಷ್ಟೂ ಓಮ್ ಇಳಿಯುವ ಜಾತಿಯದು, ಅದೂ ನೇರ ಗೆರೆಯಲ್ಲಿ ಅಲ್ಲ. ಆದ್ದರಿಂದ ಎರಡು ಬಿಂದುಗಳಲ್ಲಿ ಹೊಂದಿಸಿ ಬಿಟ್ಟರೆ ನಡುವೆ ಹಲವು ಡಿಗ್ರಿ ವ್ಯತ್ಯಾಸ ಉಳಿಯುತ್ತದೆ. ಸೆಂಡರ್ ಬಿಚ್ಚಿ ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಜೊತೆ ಇಳಿಸಿ, 40, 60, 80, 95 ಡಿಗ್ರಿಗಳಲ್ಲಿ ಓಮ್ ಬರೆದುಕೊಂಡು ಆ ಪಟ್ಟಿಯನ್ನೇ ತುಂಬಿ.

ಸೆಂಡರನ್ನು ಮತ್ತೆ ಕೂರಿಸುವಾಗ ಎಳೆಗಳಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತುವುದು ಅಭ್ಯಾಸ. ಒಂದೇ ಟರ್ಮಿನಲ್ ಇರುವ ಸೆಂಡರ್‌ಗೆ ಎಂಜಿನ್ ಬ್ಲಾಕೇ ಅರ್ತ್. ಟೇಪ್ ಆ ದಾರಿಗೆ ಅಡ್ಡ ಬಂದರೆ ಓಮ್ ಹೆಚ್ಚುತ್ತದೆ, ಪರದೆಯಲ್ಲಿ ಎಂಜಿನ್ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ತೆಳ್ಳಗೆ ದ್ರವ ಸೀಲೆಂಟ್ ಹಚ್ಚಿ, ಬಿಗಿದ ಮೇಲೆ ಸೆಂಡರ್ ಮೈಗೂ ಬ್ಲಾಕಿಗೂ ನಡುವೆ ಓಮ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಬಿಲ್ಜ್ ಪಂಪ್ (ದೋಣಿಯ ತಳದ ನೀರು ಹೊರಹಾಕುವ ಪಂಪ್) ಓಡಿದಾಗ ಅಥವಾ ಆಲ್ಟರ್ನೇಟರ್ ಚಾರ್ಜ್ ಶುರುಮಾಡಿದಾಗ ಎಲ್ಲ ಅಂಕಿಗಳೂ ಒಟ್ಟಿಗೆ ಸರಿದರೆ ತಪ್ಪು ಸೆಂಡರಿನದಲ್ಲ, ಅರ್ತ್‌ನದು. ಗೇಟ್‌ವೇಯ ನೆಗೆಟಿವ್ ತಂತಿಯನ್ನು ದೂರದ ಬಸ್ ಬಾರ್‌ಗೆ ಎಳೆಯದೆ ಎಂಜಿನ್ ಬ್ಲಾಕಿಗೇ ಕಟ್ಟಿದರೆ ಬಹುಪಾಲು ಈ ಕಾಯಿಲೆ ವಾಸಿ.

ಆರ್‌ಪಿಎಂ ಸಾಮಾನ್ಯವಾಗಿ ಆಲ್ಟರ್ನೇಟರ್‌ನ ಡಬ್ಲ್ಯು ಟರ್ಮಿನಲ್‌ನಿಂದ ಬರುತ್ತದೆ. ಲೆಕ್ಕ ಸುಲಭ: 12 ಪೋಲ್‌ನ ಆಲ್ಟರ್ನೇಟರ್ ತನ್ನ ಒಂದು ಸುತ್ತಿಗೆ 6 ಪಲ್ಸ್ ಕೊಡುತ್ತದೆ. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 60 ಮಿ.ಮೀ. ಆದರೆ ಅನುಪಾತ 2.5, ಎಂಜಿನ್‌ನ ಒಂದು ಸುತ್ತಿಗೆ 15 ಪಲ್ಸ್. ಇಲ್ಲಿ 14 ಎಂದು ತುಂಬಿದರೆ 1800ರಲ್ಲಿ ಓಡುವ ಎಂಜಿನ್ 1930ರ ಹತ್ತಿರ ತೋರಿಸುತ್ತದೆ. ಪುಲ್ಲಿ ಅಳತೆ ಅಂದಾಜಿನದೇ ಆಗಿರುವುದರಿಂದ ಕೊನೆಗೆ ಪುಲ್ಲಿಗೆ ಪ್ರತಿಫಲಿಸುವ ಪಟ್ಟಿ ಅಂಟಿಸಿ, ಬೆಳಕಿನ ಟ್ಯಾಕೋಮೀಟರ್ ಹಿಡಿದು ತಾಳೆ ನೋಡುವುದೇ ಸರಿ. ಸ್ಟಾರ್ಟ್ ಆದ ತಕ್ಷಣ ಸೊನ್ನೆ ತೋರಿಸಿ, ಒಮ್ಮೆ ರೇಸ್ ಕೊಟ್ಟ ಮೇಲೆ ಅಂಕಿ ಬಂದರೆ ಗಾಬರಿ ಬೇಡ, ಆಲ್ಟರ್ನೇಟರ್ ಇನ್ನೂ ಎಚ್ಚರಗೊಂಡಿರಲಿಲ್ಲ. ಓಡುತ್ತಿರುವಾಗಲೇ ಆರ್‌ಪಿಎಂ ಸೊನ್ನೆಗೆ ಬಿದ್ದರೆ ಮಾತ್ರ ಮೊದಲು ಬೆಲ್ಟ್ ನೋಡಿ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಬಿಸಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ನೆಟ್‌ವರ್ಕ್‌ನ ಬೆನ್ನೆಲುಬಿಗೆ ನಿಯಮಗಳು ಕೆಲವೇ, ಆದರೆ ಕಟ್ಟುನಿಟ್ಟು. ಮೈಕ್ರೋ ಎಂಬ ತೆಳು ಕೇಬಲ್‌ನಲ್ಲಿ ಬ್ಯಾಕ್‌ಬೋನ್, ಅಂದರೆ ಮುಖ್ಯ ಕೇಬಲ್, 100 ಮೀಟರ್ ಮೀರಬಾರದು. ಅದರಿಂದ ಉಪಕರಣಕ್ಕೆ ಇಳಿಯುವ ಒಂದೊಂದು ಡ್ರಾಪ್ ಕೇಬಲ್ 6 ಮೀಟರ್ ಒಳಗೆ, ಎಲ್ಲ ಡ್ರಾಪ್ ಸೇರಿ 78 ಮೀಟರ್ ಒಳಗೆ. ಉಪಕರಣಗಳು 50ರ ಒಳಗೆ. ಎರಡು ತುದಿಗೆ ಎರಡು ಟರ್ಮಿನೇಟರ್ (ತುದಿಗೆ ಸಿಕ್ಕಿಸುವ ರೆಸಿಸ್ಟರ್), ಒಂದೊಂದೂ 120 ಓಮ್. ಎಲ್ಲ ಜೋಡಿಸಿದ ಮೇಲೆ ಪವರ್ ತೆಗೆದು ಬಿಳಿ ಮತ್ತು ನೀಲಿ ತಂತಿಗಳ ನಡುವೆ ಅಳೆಯಿರಿ. 60 ಓಮ್ ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ ಅಥವಾ ಎಲ್ಲೋ ತುಂಡಾಗಿದೆ. 40 ಬಂದರೆ ಯಾರೋ ಮೂರನೆಯದನ್ನು ಸಿಕ್ಕಿಸಿದ್ದಾರೆ. ವಿಚಿತ್ರವೆಂದರೆ ಟರ್ಮಿನೇಟರ್ ತಪ್ಪಿದ ಚಿಕ್ಕ ನೆಟ್‌ವರ್ಕ್ ದಿನಗಟ್ಟಲೆ ಸುಮ್ಮನೆ ಕೆಲಸ ಮಾಡುತ್ತದೆ, ಇನ್ನೊಂದು ಉಪಕರಣ ಸೇರಿಸಿದ ದಿನ ಕೈಕೊಡುತ್ತದೆ. ಆಗ ಬೈಗುಳ ಹೊಸ ಉಪಕರಣಕ್ಕೆ.

ಪವರ್ ಟೀ (ನೆಟ್‌ವರ್ಕ್‌ಗೆ ವಿದ್ಯುತ್ ಕೊಡುವ ಕವಲು) ಬ್ಯಾಕ್‌ಬೋನ್‌ನ ನಡುಮಧ್ಯದಲ್ಲಿರಲಿ, 3 ಆಂಪಿಯರ್ ಫ್ಯೂಸ್ ಇರಲಿ. ಸ್ಟಾರ್ಟರ್ ಬ್ಯಾಟರಿಯಿಂದ ಪವರ್ ಕೊಡಬೇಡಿ: ಎಂಜಿನ್ ಕ್ರ್ಯಾಂಕ್ ಆಗುವಾಗ ವೋಲ್ಟೇಜ್ ಕುಸಿಯುತ್ತದೆ, ನೆಟ್‌ವರ್ಕ್‌ಗೆ ಕನಿಷ್ಠ 9 ವೋಲ್ಟ್ ಬೇಕು, ಎಂಜಿನ್ ಶುರುವಾಗುವ ಹೊತ್ತಿಗೆ ಸರಿಯಾಗಿ ಪರದೆಗಳೆಲ್ಲ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಆಯಿಲ್ ಒತ್ತಡ ನೋಡಲೇಬೇಕಾದ ಕ್ಷಣವೇ ಅದು. ಶೀಲ್ಡ್ ತಂತಿಯನ್ನು ಪವರ್ ಟೀ ಹತ್ತಿರ ಒಂದೇ ಕಡೆ ಅರ್ತ್ ಮಾಡಿದರೆ ಸಾಕು.

ಸರ್ಬೋ ಜಿಎಕ್ಸ್‌ನಲ್ಲಿ ನಾಲ್ಕು ರೆಸಿಸ್ಟಿವ್ ಟ್ಯಾಂಕ್ ಇನ್‌ಪುಟ್, ನಾಲ್ಕು ಉಷ್ಣತೆಯ ಇನ್‌ಪುಟ್ ಇವೆ. ಇದೇ ಮನೆಯ ಸರ್ಬೋ-ಎಸ್‌ನಲ್ಲಿ ಅವು ಇಲ್ಲ, ಪೆಟ್ಟಿಗೆ ನೋಡಿ ಕೊಳ್ಳಿ. ಈ ಅಂಕಿಗಳು ನೆಟ್‌ವರ್ಕ್‌ಗೆ ತಾವಾಗಿಯೇ ಬರುವುದಿಲ್ಲ, ವಿಕ್ಟ್ರಾನ್‌ನ ಕ್ಯಾನ್ ಜಾಲದ ವಿಇ.ಕ್ಯಾನ್ ಪೋರ್ಟ್‌ನ ಸೆಟ್ಟಿಂಗ್‌ನಲ್ಲಿ ಎನ್‌ಎಂಇಎ 2000 ಔಟ್ ಆನ್ ಮಾಡಬೇಕು, ವೇಗ 250 ಕಿಲೋಬಿಟ್ ಇರಬೇಕು. ವಿಕ್ಟ್ರಾನ್‌ನದೇ ವಿಇ.ಕ್ಯಾನ್‌ನಿಂದ ಮೈಕ್ರೋ-ಸಿಗೆ (ಎನ್‌ಎಂಇಎ 2000ರ ಕನೆಕ್ಟರ್) ಹೋಗುವ ಕೇಬಲ್‌ನೊಳಗೆ ಒಂದು ಫ್ಯೂಸ್ ಇದೆ. ಅದು ಇದ್ದರೆ ನೆಟ್‌ವರ್ಕ್‌ಗೆ ಆ ಕಡೆಯಿಂದಲೂ ಪವರ್ ಹರಿಯುತ್ತದೆ. ಪವರ್ ಟೀ ಈಗಾಗಲೇ ಇರುವ ದೋಣಿಯಲ್ಲಿ ಆ ಫ್ಯೂಸ್ ತೆಗೆಯಿರಿ. 24 ವೋಲ್ಟ್ ವ್ಯವಸ್ಥೆಯಲ್ಲಂತೂ ತೆಗೆಯಲೇಬೇಕು, 12 ವೋಲ್ಟಿನ ಉಪಕರಣಗಳು ಸುಟ್ಟಾವು.

ಎರಡು ಡೀಸೆಲ್ ಟ್ಯಾಂಕ್ ಇದ್ದು ಪರದೆಯಲ್ಲಿ ಮಟ್ಟ ಒಮ್ಮೆ 80 ಶೇಕಡಾ, ಮರುಕ್ಷಣ 30 ಎಂದು ಕುಣಿಯುತ್ತಿದ್ದರೆ ಎರಡಕ್ಕೂ ಇನ್‌ಸ್ಟನ್ಸ್ ಸಂಖ್ಯೆ (ಒಂದೇ ಜಾತಿಯವನ್ನು ಬೇರೆಬೇರೆ ಎಂದು ಗುರುತಿಸುವ ಅಂಕಿ) 0 ಎಂದೇ ಉಳಿದಿದೆ ಎಂದರ್ಥ. ಒಂದಕ್ಕೆ 0, ಇನ್ನೊಂದಕ್ಕೆ 1 ಕೊಡಿ. ಜೋಡಿ ಎಂಜಿನ್‌ಗೂ ಹೀಗೆಯೇ, ಎಡದ್ದಕ್ಕೆ 0, ಬಲದ್ದಕ್ಕೆ 1.

ಇನ್ನು ಡಿಸ್‌ಪ್ಲೇ. ಕೊಳ್ಳುವ ಮುಂಚೆ ಕೈಪಿಡಿಯ ಕೊನೆಯಲ್ಲಿರುವ ಪಿಜಿಎನ್ (ಸಂದೇಶದ ಜಾತಿ ಹೇಳುವ ಸಂಖ್ಯೆ) ಪಟ್ಟಿ ಓದಿ: 127488 ಆರ್‌ಪಿಎಂಗೆ, 127489 ಆಯಿಲ್ ಒತ್ತಡ ಮತ್ತು ಕೂಲೆಂಟ್ ಉಷ್ಣತೆಗೆ, 127505 ಟ್ಯಾಂಕ್‌ಗೆ, 127508 ಬ್ಯಾಟರಿಗೆ, 130316 ಉಳಿದ ಉಷ್ಣತೆಗಳಿಗೆ. ಕೊನೆಯದು ಹಳೆಯ ಡಿಸ್‌ಪ್ಲೇಗಳಲ್ಲಿ ಇಲ್ಲದಿರಬಹುದು. ಚಾರ್ಟ್ ತೋರಿಸುವ ದೊಡ್ಡ ಪರದೆಯಲ್ಲಿ ಎಂಜಿನ್ ಪುಟವೂ ಇದೆಯಲ್ಲ ಎಂದು ಅದನ್ನೇ ನೆಚ್ಚಿದರೆ, ಕಿರಿದಾದ ಕಾಲುವೆಯಲ್ಲಿ ಕಣ್ಣು ಚಾರ್ಟ್ ಮೇಲಿರುವಾಗ ಎಂಜಿನ್ ಪುಟ ಕಾಣುವುದಿಲ್ಲ. ಎಂಜಿನ್‌ಗೆಂದೇ ಮೀಸಲಾದ, ಗುಂಡಿಗಳಿರುವ ಚಿಕ್ಕ ಡಿಸ್‌ಪ್ಲೇ ಮೇಲು. ಒದ್ದೆ ಬೆರಳಿಗೆ ಟಚ್ ಸರಿಯಾಗಿ ಒಲಿಯದು. ಬರೀ ಅಂಕಿಗಿಂತ ಮುಳ್ಳಿನ ಚಿತ್ರ ಹಾಕಿಕೊಳ್ಳಿ. 84 ಎಂಬ ಅಂಕಿ 91 ಆದದ್ದು ಓದಿದರೆ ಮಾತ್ರ ಗೊತ್ತಾಗುತ್ತದೆ, ಮುಳ್ಳು ವಾಲಿದ್ದು ಓರೆಗಣ್ಣಿಗೂ ಗೊತ್ತಾಗುತ್ತದೆ. ಸಣ್ಣ ದೋಣಿಯ ಒಂಟಿ ಎಂಜಿನ್‌ಗೆ ಹನ್ನೆರಡು ಇಂಚಿನ ಪರದೆ ಮೂಗಿಗಿಂತ ಮೂಗುತಿ ಭಾರ.

ಏನೇ ಹಾಕಿದರೂ ಎಂಜಿನ್‌ನ ಮೂಲ ಆಯಿಲ್ ಪ್ರೆಷರ್ ಸ್ವಿಚ್, ಉಷ್ಣತೆಯ ಸ್ವಿಚ್, ಬಜರ್ ಇವನ್ನು ಕೀಳಬೇಡಿ. ನೆಟ್‌ವರ್ಕ್ ಸತ್ತ ದಿನವೂ ಅವು ಕೂಗುತ್ತವೆ. ಜೊತೆಗೆ ಎಕ್ಸಾಸ್ಟ್ ಮೊಣಕೈ ದಾಟಿದ ಮೇಲೆ, ನೀರು ಬೆರೆತ ರಬ್ಬರ್ ಹೋಸ್‌ಗೆ ಒಂದು ಉಷ್ಣತೆಯ ಸೆನ್ಸರ್ ಕಟ್ಟಿ ಸರ್ಬೋಗೆ ಕೊಡಿ. ಈ ಜೋಡಣೆಯಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಉಪಯೋಗ ಕೊಡುವ ತುಂಡು ಇದೇ. ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ, ಇಂಪೆಲ್ಲರ್, ಹರಿದರೆ ಅಥವಾ ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಕಚ್ಚಿಕೊಂಡರೆ ಹೋಸ್ ಕೆಲವೇ ಕ್ಷಣಗಳಲ್ಲಿ ಬಿಸಿಯಾಗುತ್ತದೆ, ಕೂಲೆಂಟ್ ಅಂಕಿ ಏರಲು ನಿಮಿಷಗಳು ಬೇಕು. ಕೂಲೆಂಟ್ ಪೂರ್ತಿ ಸೋರಿಹೋದರಂತೂ ಸೆಂಡರ್ ಗಾಳಿಯಲ್ಲಿ ನೇತಾಡಿ ಉಷ್ಣತೆ ಇಳಿದಂತೆಯೇ ತೋರಿಸಬಹುದು. ಮಾಮೂಲಿ ಓಟದಲ್ಲಿ ಹೋಸ್ ಎಷ್ಟು ಡಿಗ್ರಿ ಇರುತ್ತದೆ ಎಂದು ಬರೆದಿಟ್ಟು, ಅದಕ್ಕೆ 15ರಿಂದ 20 ಡಿಗ್ರಿ ಮೇಲೆ ಅಲಾರಂ ಇಡಿ.

ಇಂಧನ ಹರಿವಿನ ಮೀಟರ್ ಬಗ್ಗೆ ಮಾತ್ರ ಉತ್ಸಾಹ ಬೇಡ. ಡೀಸೆಲ್ ಎಂಜಿನ್ ಟ್ಯಾಂಕಿನಿಂದ ಎಳೆದದ್ದರಲ್ಲಿ ಒಂದಷ್ಟನ್ನು ಹಿಂದಕ್ಕೆ ಕಳಿಸುತ್ತದೆ, ಆದ್ದರಿಂದ ಹೋಗುವ ದಾರಿಗೊಂದು, ಮರಳುವ ದಾರಿಗೊಂದು, ಎರಡು ಮೀಟರ್ ಬೇಕು. ಗಂಟೆಗೆ 60 ಲೀಟರ್ ಹೋಗಿ 55 ಲೀಟರ್ ಮರಳುವ ಎಂಜಿನ್‌ನಲ್ಲಿ ಒಂದೊಂದು ಮೀಟರ್ ಬರೀ 2 ಶೇಕಡಾ ತಪ್ಪಿದರೂ, ಎರಡೂ ಎದುರು ದಿಕ್ಕಿಗೆ ತಪ್ಪಿದಾಗ 5 ಲೀಟರ್ ಬಳಕೆಯಲ್ಲಿ 2.3 ಲೀಟರ್ ಸುಳ್ಳು. ಆ ದುಡ್ಡಿಗೆ ಒಳ್ಳೆಯ ಟ್ಯಾಂಕ್ ಸೆಂಡರ್ ಹಾಕಿಸಿ.

ಕೆಲಸ ಮುಗಿದ ದಿನವೇ ಇಎಂಯು-1ರ ಸೆಟ್ಟಿಂಗ್ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಉಳಿಸಿಡಿ, ಓಮ್ ಪಟ್ಟಿ ಮತ್ತು ಪಲ್ಸ್ ಲೆಕ್ಕವನ್ನು ಕಾಗದದಲ್ಲಿ ಬರೆದು ಎಂಜಿನ್ ಕೋಣೆಯ ಬಾಗಿಲ ಒಳಗೆ ಅಂಟಿಸಿ. ಬಿಡಿಭಾಗಗಳ ಡಬ್ಬಿಯಲ್ಲಿ ಒಂದು ಟರ್ಮಿನೇಟರ್, ಒಂದು ಟೀ, ಎರಡು 3 ಆಂಪಿಯರ್ ಫ್ಯೂಸ್ ಇರಲಿ.