ಬೈಕ್ ಇನ್ಶೂರೆನ್ಸ್ ಕ್ಲೇಮ್: ದುಡ್ಡು ತೀರ್ಮಾನವಾಗುವುದು ಗ್ಯಾರೇಜಿನಲ್ಲಿ

2019ರ ಡಿಸೆಂಬರ್‌ನಲ್ಲಿ 350 ಸಿಸಿ ಬೈಕ್ ತೆಗೆದುಕೊಂಡೆ. ಅಲ್ಲಿಂದ ಇಲ್ಲಿವರೆಗೆ ಎರಡು ಕಂಪನಿಯ ಇನ್ಶೂರೆನ್ಸ್ ಬಳಸಿದ್ದೇನೆ. ಒಂದು ಶಿವಮೊಗ್ಗದ ಏಜೆಂಟ್ ಮೂಲಕ ಮಾಡಿಸಿದ್ದು, ಇನ್ನೊಂದು ಮೊಬೈಲ್ ಆ್ಯಪ್‌ನಲ್ಲಿ ನಾನೇ ಮಾಡಿಸಿದ್ದು. ಎರಡರಲ್ಲೂ ಒಂದೊಂದು ಕ್ಲೇಮ್ ಆಗಿದೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ಬರೆದರೂ ಅಷ್ಟೇನೂ ಪ್ರಯೋಜನವಿಲ್ಲ, ಯಾಕಂದ್ರೆ ನನ್ನ ಕೈಗೆ ಎಷ್ಟು ದುಡ್ಡು ಬಂತು ಅನ್ನುವುದನ್ನು ತೀರ್ಮಾನ ಮಾಡಿದ್ದು ಕಂಪನಿಯ ಹೆಸರಲ್ಲ. ಸರ್ವಿಸ್ ಸೆಂಟರಿನ ರ‍್ಯಾಂಪ್ ಮೇಲೆ ಬೈಕ್ ಬಿಚ್ಚಿದಾಗ ಸರ್ವೇಯರ್, ಅಂದರೆ ಕಂಪನಿಗಾಗಿ ಹಾನಿ ಅಳೆಯುವವರು, ಬರೆದುಕೊಂಡ ಒಂದು ಹಾಳೆ.

ಹೊಸ ಬೈಕ್ ಜೊತೆ ಬಂದ ಪಾಲಿಸಿಯ ವಿಷಯ ಮೊದಲು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬಂದ ನಿಯಮ ಇದು. ಆದರೆ ನಮ್ಮ ಬೈಕಿಗೆ ಆಗುವ ಡ್ಯಾಮೇಜಿನ ವಿಮೆ, ಅಂದರೆ ಓನ್ ಡ್ಯಾಮೇಜ್, ಸಾಮಾನ್ಯವಾಗಿ ಒಂದೇ ವರ್ಷದ್ದಿರುತ್ತದೆ. ಅದನ್ನು ವರ್ಷ ವರ್ಷ ಬೇರೆಯಾಗಿ ರಿನ್ಯೂ ಮಾಡಿಸಬೇಕು. ನಮ್ಮ ಕಡೆ ಎಷ್ಟೋ ಜನ "ಐದು ವರ್ಷ ಇನ್ಶೂರೆನ್ಸ್ ಇದೆ ಬಿಡಿ" ಅಂತ ಆರಾಮಾಗಿ ಓಡಾಡುತ್ತಿರುತ್ತಾರೆ. ಪೊಲೀಸರು ಹಿಡಿದರೆ ಆ ಕಾಗದ ಸಾಕು. ಬೈಕ್ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಮೊದಲ ಕ್ಲೇಮ್ 2022ರ ಜುಲೈನಲ್ಲಿ. ಸಾಗರ ರಸ್ತೆಯಲ್ಲಿ ಆಯನೂರು ದಾಟಿ ಹೋಗುವಾಗ ದನ ಅಡ್ಡ ಬಂತು. ಒದ್ದೆ ರಸ್ತೆ, ಬೈಕ್ ಬಲಕ್ಕೆ ಮಲಗಿಕೊಂಡು ಜಾರಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ದನಕ್ಕೂ ಆಗಲಿಲ್ಲ, ಅದು ತನ್ನ ಪಾಡಿಗೆ ಹೋಯಿತು. ಬೈಕಿನ ಹೆಡ್‌ಲೈಟ್, ಹ್ಯಾಂಡಲ್, ಮುಂದಿನ ಫೋರ್ಕ್, ಮಡ್‌ಗಾರ್ಡ್, ಇಂಡಿಕೇಟರ್, ಫುಟ್‌ರೆಸ್ಟ್ ಎಲ್ಲಾ ಹೋಗಿತ್ತು, ಟ್ಯಾಂಕ್ ನೆಗ್ಗಿತ್ತು. ಬೇರೆ ಯಾರಿಗೂ ಪೆಟ್ಟಾಗದ ಇಂಥ ಕೇಸಿಗೆ ಸಾಮಾನ್ಯವಾಗಿ ಎಫ್‌ಐಆರ್ ಬೇಕಾಗುವುದಿಲ್ಲ. ಕಳ್ಳತನವಾದರೆ ಅಥವಾ ಮೂರನೆಯವರಿಗೆ ಗಾಯವಾದರೆ ಬೇಕೇ ಬೇಕು. ಕಾಲ್ ಸೆಂಟರಿನವರು ಎಫ್‌ಐಆರ್ ಕೇಳಿದರು. ಯಾಕೆ ಬೇಕು ಅಂತ ಇಮೇಲ್‌ನಲ್ಲಿ ಬರೆದು ಕೊಡಿ ಎಂದೆ. ಆಮೇಲೆ ಕೇಳಲಿಲ್ಲ.

ಏಜೆಂಟ್ ನಿಜಕ್ಕೂ ಒಳ್ಳೆಯವರು. ಸರ್ವೇಯರ್ ಅವರಿಗೆ ಪರಿಚಯ, ಒಂದು ಫೋನಿಗೆ ಮರುದಿನವೇ ಬಂದರು. ಆದರೆ ಅದೇ ಪರಿಚಯ ಮುಂದೆ ನನಗೆ ಮುಳುವಾಯಿತು. ಲೆಕ್ಕದ ಬಗ್ಗೆ ನಾನು ತಕರಾರು ತೆಗೆದಾಗಲೆಲ್ಲ "ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ, ನಾಳೆ ಮತ್ತೆ ಅವರ ಹತ್ರನೇ ಹೋಗಬೇಕು" ಅನ್ನುತ್ತಿದ್ದರು. ನಾಳೆ ಹೋಗಬೇಕಾದ್ದು ಅವರು, ದುಡ್ಡು ಕಟ್ಟಬೇಕಾದ್ದು ನಾನು, ಅಲ್ವಾ?

ಸರ್ವೇಯರ್ ಮೊದಲು ಹಾಕಿದ ಲೆಕ್ಕ 11 ಸಾವಿರ ಚಿಲ್ಲರೆ. ಸರ್ವಿಸ್ ಸೆಂಟರಿನ ಅಂದಾಜು 27 ಸಾವಿರದ ಹತ್ತಿರ. ನಡುವಿನ ಅಂತರ ಎಲ್ಲಿಂದ ಬಂತು ಅಂತ ಕೂತು ನೋಡಿದೆ. ಒಂದು ಭಾಗ ಡಿಪ್ರಿಸಿಯೇಷನ್, ಅಂದರೆ ಭಾಗಗಳು ಹಳೆಯದಾಗಿವೆ ಅಂತ ಬೆಲೆಯಲ್ಲಿ ಕಳೆಯುವುದು. ಅದರಲ್ಲಿ ಜಗಳಕ್ಕೆ ಜಾಗವಿಲ್ಲ, ಪಾಲಿಸಿಯಲ್ಲೇ ಅಚ್ಚಾಗಿದೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರ್, ಬ್ಯಾಟರಿ ಇವಕ್ಕೆಲ್ಲ ಶೇ. 50 ಕಡಿತ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಗಳಿಗೆ ಬೈಕಿನ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ವರ್ಷದೊಳಗೆ ಶೇ. 5, ಎರಡು ವರ್ಷದೊಳಗೆ ಶೇ. 10, ಮೂರರೊಳಗೆ 15, ನಾಲ್ಕರೊಳಗೆ 25, ಐದರೊಳಗೆ 35, ಹತ್ತರೊಳಗೆ 40, ಅದು ದಾಟಿದರೆ 50. ಪೇಂಟಿಂಗ್ ಖರ್ಚಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು ಅದರ ಅರ್ಧ ಕಳೆಯುತ್ತಾರೆ. ಲೇಬರ್‌ಗೆ ಡಿಪ್ರಿಸಿಯೇಷನ್ ಇಲ್ಲ. ಆಯಿಲ್, ನಟ್ಟು, ಬೋಲ್ಟು ಕೊಡುವುದಿಲ್ಲ. ಕೊನೆಗೆ ಪ್ರತಿ ಕ್ಲೇಮಿನಲ್ಲೂ ನಾವೇ ಹಾಕಬೇಕಾದ ಕಡ್ಡಾಯದ 100 ರೂಪಾಯಿ, ಮತ್ತೆ ಹಳೆಯ ಕಬ್ಬಿಣದ ಗುಜರಿ ಬೆಲೆ. ಹೊರಗೆ ಹಾಕಿಸಿದ ಲೆಗ್‌ಗಾರ್ಡ್, ಪಾಲಿಸಿಯಲ್ಲಿ ಸೇರಿಸಿಲ್ಲದಿದ್ದರೆ, ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟೆಲ್ಲ ಕಳೆದರೂ 11 ಸಾವಿರಕ್ಕೆ ಇಳಿಯಬಾರದು. ಉಳಿದ ಕಡಿತ ಬಂದಿದ್ದು ಸರ್ವೇಯರ್ ಬರೆದ ಮೂರು ಸಾಲುಗಳಿಂದ. ಫೋರ್ಕ್ ಟ್ಯೂಬ್ ಎದುರು "ರಿಪೇರಿ" ಅಂತ ಬರೆದಿದ್ದರು, ಅಂದರೆ ಬಾಗಿದ್ದನ್ನು ನೆಟ್ಟಗೆ ಮಾಡಿಸಿ ಹಾಕಿಕೊಳ್ಳಿ ಎಂದು. ಹೆಡ್‌ಲೈಟನ್ನು ಗಾಜು, ಲೋಹದ ರಿಂಗ್ ಎಲ್ಲಾ ಸೇರಿಸಿ ಇಡಿಯಾಗಿ ಪ್ಲಾಸ್ಟಿಕ್ ಅಂತ ಹಿಡಿದು ಅರ್ಧ ಹೊಡೆದಿದ್ದರು. ಸೈಲೆನ್ಸರ್ ಎದುರು "ಹಳೆಯ ಡ್ಯಾಮೇಜ್".

ಫೋರ್ಕ್ ವಿಷಯದಲ್ಲಿ ನಾನು ಬಗ್ಗಲಿಲ್ಲ. ಬಾಗಿದ ಟ್ಯೂಬನ್ನು ಲೇತ್‌ನಲ್ಲಿ ನೆಟ್ಟಗೆ ಮಾಡಿಸಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆಯಿಲ್ ಸೀಲ್ ಸೋರಲು ಶುರುವಾಗುತ್ತದೆ, ಬ್ರೇಕ್ ಹಾಕಿದಾಗ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆ. ಹುಲಿಕಲ್ ಘಾಟಿಯಲ್ಲಿ ಓಡಾಡುವವನಿಗೆ ಅದು ಬೇಡವೇ ಬೇಡ. ಸರ್ವಿಸ್ ಅಡ್ವೈಸರ್ ಬಾಯಲ್ಲಿ "ಬದಲಾಯಿಸಲೇಬೇಕು" ಅನ್ನುತ್ತಿದ್ದರು. ಬರೆದುಕೊಡಿ ಎಂದಾಗ ಹಿಂದೇಟು ಹಾಕಿದರು, ಅವರಿಗೂ ನಾಳೆ ಅದೇ ಸರ್ವೇಯರ್ ಬೇಕು. ರಿಪೇರಿ ಮಾಡಿದರೆ ನೀವು ಗ್ಯಾರಂಟಿ ಕೊಡುತ್ತೀರಾ ಅಂತ ಕೇಳಿದೆ. ಆಗ ಜಾಬ್ ಕಾರ್ಡಿನಲ್ಲೇ "ಟ್ಯೂಬ್ ಬಾಗಿದೆ, ರಿಪೇರಿಗೆ ಶಿಫಾರಸು ಇಲ್ಲ" ಎಂದು ಬರೆದು ಸೀಲ್ ಹಾಕಿದರು. ಟ್ಯೂಬನ್ನು ಹೊರತೆಗೆದು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ವೀಡಿಯೊ ಮಾಡಿದೆವು. ಗಾಜಿನ ಮೇಲೆ ಅದು ಕುಂಟುತ್ತಾ ಉರುಳುವುದು ಯಾರಿಗಾದರೂ ಕಾಣುತ್ತದೆ. ಜಾಬ್ ಕಾರ್ಡಿನ ಫೋಟೊ, ವೀಡಿಯೊ, ಹೆಡ್‌ಲೈಟ್ ಭಾಗಗಳ ಬೆಲೆಯ ವಿವರ ಎಲ್ಲವನ್ನೂ ಒಂದೇ ಇಮೇಲ್‌ನಲ್ಲಿ ಸರ್ವೇಯರ್‌ಗೆ ಕಳಿಸಿ, ಕಂಪನಿಯ ದೂರು ಅಧಿಕಾರಿಗೂ ಪ್ರತಿ ಹಾಕಿದೆ. ಲೆಕ್ಕದ ಪ್ರತಿಯನ್ನು ಸಾಲು ಸಾಲಾಗಿ ಕೊಡಿ ಅಂತಲೂ ಕೇಳಿದೆ. ಅಲ್ಲಿಯವರೆಗೆ ಎಲ್ಲವೂ ಫೋನಿನಲ್ಲೇ ನಡೆದಿತ್ತು. ಬರಹಕ್ಕೆ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಸೈಲೆನ್ಸರ್ ಸಿಗಲಿಲ್ಲ. ಅದರಲ್ಲಿ ಸರ್ವೇಯರ್ ಹೇಳಿದ್ದೇ ಸರಿ, ತುಕ್ಕು ಹಿಡಿದು ತೂತಾಗಿದ್ದು ಬಿದ್ದಿದ್ದರಿಂದ ಅಲ್ಲ. ಅದನ್ನು ಬಿಟ್ಟು ಬಿಲ್ 26,900 ಆಯಿತು. ಲೋಹಕ್ಕೆ 2,250, ಪ್ಲಾಸ್ಟಿಕ್ ಮತ್ತು ರಬ್ಬರಿಗೆ 2,500, ಪೇಂಟಿಗೆ 400, ಆಯಿಲ್ ಇತ್ಯಾದಿಗೆ 700, ಗುಜರಿಗೆ 450, ಮೇಲೆ ಆ 100. ಒಟ್ಟು 6,400 ನನ್ನದು, 20,500 ಕಂಪನಿಯದು. 11 ಸಾವಿರ ಎಲ್ಲಿ, 20,500 ಎಲ್ಲಿ!

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮಳೆ ಬಂದು ಹೊರವರ್ತುಲ ರಸ್ತೆ ಕಡೆ ನೀರು ನಿಂತಿತ್ತಲ್ಲ, ಆಗ ಬೆಳ್ಳಂದೂರಿನಲ್ಲಿ ನನ್ನ ತಮ್ಮನ ಬೈಕ್ ಬೇಸ್‌ಮೆಂಟಿನಲ್ಲಿ ಮುಳುಗಿತು. ಪ್ರವಾಹದ ಹಾನಿ ಪಾಲಿಸಿಯಲ್ಲಿ ಬರುತ್ತದೆ. ಆದರೆ ನೀರು ಹೊಕ್ಕ ಎಂಜಿನನ್ನು ಸ್ಟಾರ್ಟ್ ಮಾಡಲು ಹೋಗಿ ಒಳಗೆ ಮುರಿದರೆ, ಅದು ಪ್ರವಾಹದಿಂದ ಆಗಿದ್ದಲ್ಲ, ನೀವು ಮಾಡಿಕೊಂಡಿದ್ದು ಅನ್ನುತ್ತಾರೆ. ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಎಂಜಿನ್ ಪ್ರೊಟೆಕ್ಟ್ ಅನ್ನುವ ಆ್ಯಡ್-ಆನ್ ಇರುವುದೇ ಇದಕ್ಕೆ. ಅವನ ಬೈಕನ್ನು ಎತ್ತಿಕೊಂಡು ಹೋದ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸವೇ ಕಿಕ್ ಹೊಡೆದಿದ್ದು. ಕಂಪನಿ ಎಂಜಿನ್ ಕ್ಲೇಮ್ ಪೂರ್ತಿ ತಳ್ಳಿಹಾಕಿತು.

ಅವನು ವಿಮೆಯ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋದ. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ, ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಇಲ್ಲಿಗೆ ಹೋಗಬಹುದು. ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಅವನಿಗೆ ರಾಜಿಯಲ್ಲಿ ವೈರಿಂಗ್, ಎಂಜಿನ್ ಬಿಚ್ಚಿ ತೊಳೆದ ಖರ್ಚು ಸಿಕ್ಕಿತು. ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡಿನ ದುಡ್ಡು ಸಿಗಲಿಲ್ಲ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಡೆಸುವ ಬಿಮಾ ಭರೋಸಾ ಪೋರ್ಟಲ್ ಕೂಡ ಇದೆ, 155255ಕ್ಕೆ ಫೋನ್ ಮಾಡಿಯೂ ದೂರು ಬರೆಸಬಹುದು. ಅದು ತೀರ್ಪು ಕೊಡುವ ಜಾಗ ಅಲ್ಲ, ಆದರೆ ಮಲಗಿರುವ ಫೈಲ್ ಎದ್ದು ಕೂರುತ್ತದೆ.

ಎರಡನೇ ಕಂಪನಿ, ಆ್ಯಪ್‌ನದ್ದು. 2024ರ ಜುಲೈ, ತೀರ್ಥಹಳ್ಳಿಯಲ್ಲಿ ನಿಲ್ಲಿಸಿದ್ದ ಬೈಕ್ ಮೇಲೆ ಗಾಳಿಮಳೆಗೆ ಮರದ ಕೊಂಬೆ ಬಿತ್ತು. ಆಗ ನನ್ನ ಹತ್ತಿರ ಡಿಪ್ರಿಸಿಯೇಷನ್ ಕಳೆಯದೆ ದುಡ್ಡು ಕೊಡುವ ಝೀರೋ ಡಿಪ್ರಿಸಿಯೇಷನ್ ಇತ್ತು, ನಮ್ಮ ಕಡೆ ಬಂಪರ್ ಟು ಬಂಪರ್ ಅನ್ನುತ್ತಾರಲ್ಲ, ಅದು. ಆ ಹೊತ್ತಿಗೆ ಐಆರ್‌ಡಿಎಐ ಗಡುವುಗಳೂ ಬಿಗಿಯಾಗಿದ್ದವು. 2024ರ ಜೂನ್‌ನ ಸುತ್ತೋಲೆ ಪ್ರಕಾರ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಅಂದಹಾಗೆ, 50 ಸಾವಿರಕ್ಕಿಂತ ಕಡಿಮೆ ನಷ್ಟಕ್ಕೆ ಲೈಸೆನ್ಸ್ ಇರುವ ಸರ್ವೇಯರ್ ಕಡ್ಡಾಯವಿಲ್ಲ. ಬೈಕ್ ಕ್ಲೇಮುಗಳೆಲ್ಲ ಹೆಚ್ಚು ಕಡಿಮೆ ಅದರೊಳಗೇ ಬರುವುದರಿಂದ ಕಂಪನಿಯ ನೌಕರರೇ ಫೋಟೊ ನೋಡಿ ಲೆಕ್ಕ ಹಾಕಿಬಿಡಬಹುದು.

ನನಗೂ ಹಾಗೇ ಆಯಿತು. ಫೋಟೊ ಹಾಕಿದೆ, ಸಂಜೆಯೊಳಗೆ ಮಂಜೂರಾತಿ ಬಂತು. ಆದರೆ ಫೋಟೊದಲ್ಲಿ ಕಂಡಷ್ಟಕ್ಕೆ ಮಾತ್ರ. ಹ್ಯಾಂಡಲ್ ಬಿಚ್ಚಿದಾಗ ಕೆಳಗಿನ ಟಿ-ಸ್ಟೆಮ್, ಅಂದರೆ ಫೋರ್ಕನ್ನು ಹಿಡಿದಿರುವ ಭಾಗ, ಕೂಡ ಬಾಗಿದ್ದು ಕಾಣಿಸಿತು. ಅದಕ್ಕೆ ಮತ್ತೊಂದು ಅರ್ಜಿ, ಮತ್ತೆ ಚಾಟ್, ಪ್ರತಿ ಸಲವೂ ಹೊಸಬರಿಗೆ ಮೊದಲಿಂದ ಕಥೆ ಹೇಳುವ ಕೆಲಸ. ಸುಮ್ನೆ ಒಬ್ಬರು ಬಂದು ನೋಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಗ್ಯಾರೇಜಿನವರು ಹಳೆಯ ಟಿ-ಸ್ಟೆಮ್ ಗುಜರಿಗೆ ಹಾಕಲು ಹೊರಟಿದ್ದರು. ಮಂಜೂರಾಗುವವರೆಗೆ ಮುಟ್ಟಬೇಡಿ ಎಂದು ತಡೆದೆ. ದುಡ್ಡು ಮಾತ್ರ ಪೂರ್ತಿ ಬಂತು, ಕೈಯಿಂದ ಹೋಗಿದ್ದು ಕೆಲವು ನೂರು ರೂಪಾಯಿ. ಐದನೇ ವರ್ಷದ ಬೈಕಿಗೆ ಝೀರೋ ಡೆಪ್ ಇಲ್ಲದಿದ್ದರೆ ಲೋಹಕ್ಕೇ ಶೇ. 35 ಹೋಗುತ್ತಿತ್ತು.

ಸಣ್ಣ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ, ಹೋಗುತ್ತದೆ ಅಂತ ಹೆದರಿಸುವವರು ಇರುತ್ತಾರೆ. ಬೋನಸ್ ಶೇ. 20ರಿಂದ ಶುರುವಾಗಿ 50ರವರೆಗೆ ಹೋಗುತ್ತದೆ ನಿಜ, ಆದರೆ ಅದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ನನ್ನ ಬೈಕಿನ ಪ್ರೀಮಿಯಮ್ಮಿನಲ್ಲಿ ದೊಡ್ಡ ಪಾಲು ಥರ್ಡ್ ಪಾರ್ಟಿಯದು. 150ರಿಂದ 350 ಸಿಸಿವರೆಗಿನ ಬೈಕಿಗೆ 2022ರಲ್ಲಿ ಸರ್ಕಾರ ಗೊತ್ತು ಮಾಡಿದ ದರ ವರ್ಷಕ್ಕೆ 1,366 ರೂಪಾಯಿ. ಅದರಲ್ಲಿ ಬೋನಸ್ ಇಲ್ಲ, ಕಂಪನಿ ಬದಲಾಯಿಸಿದರೂ ದರ ಅಷ್ಟೇ. ಹಾಗಾಗಿ ಬೈಕಿನ ಮಟ್ಟಿಗೆ, ಮೂರು ನಾಲ್ಕು ಸಾವಿರದ ಡ್ಯಾಮೇಜ್ ಆದರೂ ನಾನು ಕ್ಲೇಮ್ ಮಾಡುವವನೇ.

ಮಾರ್ಕ್ಸ್ ಕೊಡುವುದಾದರೆ ಮೊದಲ ಕಂಪನಿಗೆ ಐದಕ್ಕೆ ಎರಡೂವರೆ, ಎರಡನೆಯದಕ್ಕೆ ಮೂರೂವರೆ. ಆದರೂ ಈ ಸಲ ರಿನ್ಯೂ ಮಾಡಿಸಿದ್ದು ಮೊದಲನೆಯದರಲ್ಲೇ. ಬೈಕಿಗೆ ಐದು ವರ್ಷ ದಾಟಿದ್ದಕ್ಕೆ ಆ್ಯಪ್ ಕಂಪನಿ ಝೀರೋ ಡೆಪ್ ಕೊಡಲಿಲ್ಲ. ಇನ್ನು ಎರಡರಲ್ಲೂ ಕಡಿತ ಒಂದೇ ಅಂದಮೇಲೆ, ಗ್ಯಾರೇಜಿಗೆ ಬಂದು ಬೈಕ್ ಮುಟ್ಟಿ ನೋಡುವ ಸರ್ವೇಯರ್ ಇರುವ ಕಡೆಯೇ ವಾಸಿ. ಏಜೆಂಟ್ ಖುಷಿಯಾದರು. ಮುಂದಿನ ಸಲ ಎಲ್ಲವೂ ಇಮೇಲ್‌ನಲ್ಲೇ ಅಂತ ಅವರಿಗೆ ಮೊದಲೇ ಹೇಳಿಟ್ಟಿದ್ದೇನೆ.