ಪಣಜಿಗೆ ಹೋದರೆ ಹಗಲು ಊರಿಗೆ ಕೊಡಿ, ಕ್ಯಾಸಿನೊಗೆ ಎರಡು ತಾಸು ಸಾಕು

ನಮ್ಮ ಸಾಗರ, ಹೊಸನಗರ ಕಡೆಯವರು ಗೋವಾ ಅಂದ ಕೂಡಲೇ ಈಗ ಬೀಚಿಗಿಂತ ಜಾಸ್ತಿ ಕ್ಯಾಸಿನೊ ಬಗ್ಗೆ ಕೇಳುತ್ತಾರೆ. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷವಂತೂ ಕೇಳುವುದೇ ಬೇಡ. ಭಾವನ ಜೊತೆ ಹೋಗಿ ಬಂದೆ, ಹಾಗಾಗಿ ಬರೆಯುತ್ತಿದ್ದೇನೆ. ಜೋಗದ ಮೇಲಿಂದ ಹೊನ್ನಾವರಕ್ಕೆ ಇಳಿದು ಕಾರವಾರ, ಮಡಗಾಂವ್ ದಾರಿಯಲ್ಲಿ ಹೋಗುವುದು ಸುಲಭ. ಹಿಂದಿನ ಸಂಜೆಯೇ ಪಣಜಿ ಸೇರಿಕೊಂಡರೆ ಮಾರನೆಯ ದಿನ ಪೂರ್ತಿ ಸಿಗುತ್ತದೆ.

ಬೆಳಗ್ಗೆ ಬಿಸಿಲು ಏರುವ ಮೊದಲು ಹಳೇ ಗೋವಾ ಮುಗಿಸಿ. ಪಣಜಿಯಿಂದ ಹತ್ತು ಕಿಲೋಮೀಟರ್ ಅಷ್ಟೇ. ಬೊಮ್ ಜೀಸಸ್ ಬೆಸಿಲಿಕಾ 1594ರಲ್ಲಿ ಶುರುವಾಗಿ 1605ಕ್ಕೆ ಮುಗಿದ ಕಟ್ಟಡ. ಗೋಡೆ ನೋಡಿದ ತಕ್ಷಣ ನಮ್ಮವರಿಗೆ ಗೊತ್ತಾಗುತ್ತದೆ, ಜಂಬಿಟ್ಟಿಗೆ ಕಲ್ಲು. ಮೊದಲು ಇದಕ್ಕೂ ಗಿಲಾವು ಇತ್ತಂತೆ, 1950ರ ದಶಕದಲ್ಲಿ ಅದನ್ನು ಕೆತ್ತಿ ತೆಗೆದರು. ಕೆಂಪಗೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಗಿಲಾವು ಇಲ್ಲದ ಜಂಬಿಟ್ಟಿಗೆ ಗೋಡೆಗೆ ಮಳೆಗಾಲ ಏನು ಮಾಡುತ್ತದೆ ಅಂತ ಮಲೆನಾಡಿನ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ, ಅಲ್ಲಿಯವರಿಗೂ ಈಗ ಅದೇ ಚಿಂತೆ. ಒಳಗೆ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇರುವ ಬೆಳ್ಳಿ ಪೆಟ್ಟಿಗೆ ತುಂಬಾ ಎತ್ತರದಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸುತ್ತಾರೆ. ಹೋದ ಸಲ 2024ರ ನವೆಂಬರಿನಿಂದ 2025ರ ಜನವರಿವರೆಗೆ ಇಳಿಸಿದ್ದರು, ಅಂದರೆ ಇನ್ನು ಕಾಯಬೇಕು. ರಸ್ತೆಯ ಆ ಬದಿಯ ಸೆ ಕೆಥೆಡ್ರಲ್ ದೊಡ್ಡದು, ತಣ್ಣಗಿದೆ, ಹತ್ತು ನಿಮಿಷ ಕೂತು ಬನ್ನಿ.

ಮಕ್ಕಳು ಜೊತೆಗಿದ್ದರೆ ಇಲ್ಲೊಂದು ಕತೆ ಹೇಳಿ. ಇಲ್ಲಿಂದ ಆಳುತ್ತಿದ್ದ ಪೋರ್ಚುಗೀಸರನ್ನು 1650ರ ದಶಕದಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರಿನ ಕೋಟೆಗಳಿಂದ ಓಡಿಸಿದ್ದು ನಮ್ಮ ಕೆಳದಿಯ ಶಿವಪ್ಪ ನಾಯಕ. ಘಟ್ಟದ ಮೆಣಸು ಯಾರ ಕೈಗೆ ಅನ್ನುವುದು ಆ ಕಾಲದ ದೊಡ್ಡ ಜಗಳ. ನಮಗೆ ಸಿಕ್ಕ ಗೈಡ್ ಇದರ ಸುದ್ದಿಯನ್ನೇ ಎತ್ತಲಿಲ್ಲ, ನಾವೇ ಅವನಿಗೆ ಹೇಳಿ ಬಂದೆವು.

ತಿಂಡಿಗೆ ಪಣಜಿಯ ಕೆಫೆ ತಾತೊ. ಪೂರ್ತಿ ಸಸ್ಯಾಹಾರಿ, ಹಾಗಾಗಿ ಭಾವ ನಿಶ್ಚಿಂತೆಯಿಂದ ಕೂತ. ಭಾಜಿ-ಪಾವ್ ಹೇಳಿ, ಜೊತೆಗೆ ಬನ್ಸ್ ಇದೆಯಾ ಕೇಳಿ. ನಮ್ಮ ಕರಾವಳಿಯ ಬಾಳೆಹಣ್ಣಿನ ಬನ್ಸೇ ಅದು. ಚಹಾ ಮಾತ್ರ ಸಿಹಿ ಜಾಸ್ತಿ ಅನ್ನಿಸಿತು.

ಆಮೇಲೆ ಫಾಂಟೇನಾಸ್. ಆಲ್ಟಿನೊ ಗುಡ್ಡದ ಬುಡದಲ್ಲಿರುವ ಹಳೇ ಪೋರ್ಚುಗೀಸ್ ಕೇರಿ. ನೀಲಿ, ಹಳದಿ, ಕಾವಿ ಬಣ್ಣದ ಮನೆಗಳು, ಮಂಗಳೂರು ಹೆಂಚು, ರಸ್ತೆಗೆ ಚಾಚಿಕೊಂಡ ಸಣ್ಣ ಬಾಲ್ಕನಿಗಳು. ನನಗೆ ಇಡೀ ದಿನದಲ್ಲಿ ತುಂಬಾ ಹಿಡಿಸಿದ್ದು ಇದೇ. ಗಾಡಿ ದೂರ ನಿಲ್ಲಿಸಿ ನಡೆಯಿರಿ. ಇವು ಜನ ವಾಸವಿರುವ ಮನೆಗಳು, ಮ್ಯೂಸಿಯಂ ಅಲ್ಲ. ಹೊಸಿಲಿಗೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವವರ ಕಾಟಕ್ಕೆ ಕೆಲವರು ಬೋರ್ಡೇ ಹಾಕಿದ್ದಾರೆ. ನಮ್ಮ ಜಗಲಿ ಮೇಲೆ ಯಾರಾದರೂ ಬಂದು ಹೀಗೆ ನಿಂತರೆ ಸುಮ್ನೆ ಇರ್ತೀವಾ?

ಅಲ್ಲಿಂದ ಹತ್ತಿರದಲ್ಲೇ ಬಿಳಿ ಮೆಟ್ಟಿಲುಗಳ ದೊಡ್ಡ ಚರ್ಚು. ಹಳೇ ಸೆಕ್ರೆಟರಿಯೇಟ್ ಪಕ್ಕದಲ್ಲಿ ಅಬೆ ಫರಿಯಾ ಪ್ರತಿಮೆ ಇದೆ, ತಪ್ಪಿಸಬೇಡಿ. ಸಂಮೋಹನ ವಿದ್ಯೆಯನ್ನು ಶುರುವಿನಲ್ಲೇ ಅಭ್ಯಾಸ ಮಾಡಿದವರಲ್ಲಿ ಒಬ್ಬ ಈ ಗೋವಾದ ಪಾದ್ರಿ, ಹುಟ್ಟಿದ್ದು 1756ರಲ್ಲಿ. ಬಿದ್ದಿರುವ ಹೆಂಗಸಿನ ಮೇಲೆ ಕೈ ಚಾಚಿ ನಿಂತ ಭಂಗಿ ನೋಡಿದರೆ ಸ್ವಲ್ಪ ಹೆದರಿಕೆಯೇ ಆಗುತ್ತದೆ.

ಮಧ್ಯಾಹ್ನ ರಿಟ್ಜ್ ಕ್ಲಾಸಿಕ್‌ನಲ್ಲಿ ಮೀನಿನ ಥಾಲಿ. ಒಂದು ಗಂಟೆಯ ಮೊದಲೇ ಹೋಗಿ, ಆಮೇಲೆ ಜಾಗ ಸಿಗುವುದು ಕಷ್ಟ. ಅನ್ನ, ತೆಂಗಿನಕಾಯಿ ಹಾಕಿದ ಮೀನು ಸಾರು, ರವೆ ಹಚ್ಚಿ ಹುರಿದ ಮೀನು, ಒಣ ಸೀಗಡಿಯ ಕಿಸ್ಮೂರ್, ಕೊನೆಗೆ ಸೋಲ್ ಕಡಿ. ಈ ಸೋಲ್ ಕಡಿ ನಮ್ಮ ಮುರುಗಲ (ಕೋಕಂ) ಸಿಪ್ಪೆಗೆ ಕಾಯಿಹಾಲು ಸೇರಿಸಿ ಮಾಡಿದ್ದು. ನಾವು ಅದೇ ಸಿಪ್ಪೆಯಲ್ಲಿ ಸಾರು, ಪಾನಕ ಮಾಡಿ ಬಿಟ್ಟುಬಿಡುತ್ತೇವೆ, ಇದನ್ನು ಮನೆಯಲ್ಲಿ ಖಂಡಿತ ಮಾಡಿ ನೋಡಬೇಕು. ಸಿಹಿಗೆ ಬೆಬಿಂಕಾ, ಪದರ ಪದರವಾಗಿ ಬೇಯಿಸಿದ ಕೇಕಿನಂಥದ್ದು. ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಸಸ್ಯಾಹಾರಿಗಳು ಬಾಯಿಗಿಡುವ ಮೊದಲೇ ತಿಳಿದುಕೊಂಡಿರಿ, ಭಾವನ ಮುಖ ನೋಡಬೇಕಿತ್ತು.

ಈಗ ಕ್ಯಾಸಿನೊ. ಹಡಗುಗಳು ನಿಂತಿರುವುದು ಮಾಂಡವಿ ನದಿಯಲ್ಲಿ, ಅಂದರೆ ನಮ್ಮ ಖಾನಾಪುರ ಕಾಡಿನಲ್ಲಿ ಹುಟ್ಟುವ ಮಹದಾಯಿಯಲ್ಲೇ. ಕುಡಿಯುವ ನೀರಿಗೆ ಎರಡು ರಾಜ್ಯ ಕಿತ್ತಾಡುತ್ತಿರುವ ಹೊಳೆಯ ಕೊನೆಯಲ್ಲಿ ರಾತ್ರಿಯಿಡೀ ಬಣ್ಣದ ದೀಪ. ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಬೇಕು. ಗಂಡಸರು ಚಡ್ಡಿ ಹಾಕಿಕೊಂಡು ಹೋದರೆ ಬೆಳಗ್ಗೆ ಬೆಸಿಲಿಕಾದಲ್ಲೂ ಬಿಡುವುದಿಲ್ಲ, ಸಂಜೆ ಇಲ್ಲೂ ಬಿಡುವುದಿಲ್ಲ. ಇನ್ನೊಂದು ತಮಾಷೆ ಏನೆಂದರೆ ಗೋವಾದವರಿಗೇ ಒಳಗೆ ಆಡಲು ಅವಕಾಶವಿಲ್ಲ, 2020ರಿಂದ ಆ ನಿಯಮ. ಕಳೆದುಕೊಳ್ಳುವ ಯೋಗ ನಮ್ಮಂಥ ಹೊರಗಿನವರಿಗೆ ಮಾತ್ರ.

ನಾವು ಹತ್ತಿದ ಹಡಗಿನ ಹೆಸರು ಬೇಡ. ಟಿಕೆಟ್ಟಿನಲ್ಲಿ ಊಟ, ಕುಡಿತ, ಆಡಲು ಒಂದಿಷ್ಟು ಚಿಪ್ಸ್ (ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆ) ಎಲ್ಲ ಸೇರಿದೆ ಅನ್ನುತ್ತಾರೆ. ಆದರೆ ಆ ಚಿಪ್ಸನ್ನು ಆಡಬೇಕೇ ಹೊರತು ವಾಪಸ್ ಕೊಟ್ಟು ದುಡ್ಡು ಪಡೆಯುವಂತಿಲ್ಲ, ಇದನ್ನು ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಿರುಗುವ ಚಕ್ರದಲ್ಲಿ ಗೋಲಿ ಯಾವ ಸಂಖ್ಯೆಯ ಮನೆಯಲ್ಲಿ ನಿಲ್ಲುತ್ತದೆ ಅಂತ ಪಣ ಕಟ್ಟುವ ರೂಲೆಟ್ ಆಟದ ಲೆಕ್ಕ ನೋಡಿ. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆ, ನಿಮ್ಮ ಸಂಖ್ಯೆ ಬಂದರೆ ಕಟ್ಟಿದ ದುಡ್ಡು ವಾಪಸ್, ಅದರ ಮೇಲೆ ಕೊಡುವುದು 35 ಪಟ್ಟು. ಪ್ರತಿ ನೂರಕ್ಕೆ ಸರಾಸರಿ 2 ರೂಪಾಯಿ 70 ಪೈಸೆ ಅವರದ್ದೇ, ಎಷ್ಟು ಹೊತ್ತು ಕೂರುತ್ತೀರೋ ಅಷ್ಟು ಸಲ. ಅತಿ ಹೆಚ್ಚು ಗದ್ದಲ ಇದ್ದದ್ದು ಅಂದರ್ ಬಾಹರ್ ಮೇಜಿನ ಸುತ್ತ, ಕನ್ನಡವೂ ಅಲ್ಲೇ ಜಾಸ್ತಿ ಕೇಳಿಸಿತು. ನಮ್ಮೂರಲ್ಲಿ ತೋಟದ ಮೂಲೆಯಲ್ಲಿ ಇದೇ ಆಟ ಆಡಿ ಪೊಲೀಸರ ಕೈಗೆ ಸಿಕ್ಕಿ ಮಾರನೆಯ ದಿನ ಪೇಪರಿನಲ್ಲಿ ಬರುತ್ತಾರೆ, ಇಲ್ಲಿ ಟೈ ಕಟ್ಟಿದವರು ಎಲೆ ಹಂಚುತ್ತಾರೆ. "ಭಾವ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದ ನನ್ನ ಭಾವ.

ಬಫೆ ಉದ್ದ ಇತ್ತು, ರುಚಿ ಇರಲಿಲ್ಲ. ಪನೀರ್ ರಬ್ಬರಿನಂತೆ. ಸಿಗರೇಟು ಹೊಗೆಗೆ ಕಣ್ಣು ಉರಿ. ಚೆನ್ನಾಗಿದ್ದದ್ದು ಮೇಲಿನ ಡೆಕ್ ಒಂದೇ, ಗಾಳಿ ಬರುತ್ತದೆ, ಸೇತುವೆಯ ದೀಪಗಳು ಕಾಣುತ್ತವೆ. ಆದರೆ ಆ ಗಾಳಿ ದಡದ ಮೇಲೆ ನಡೆದರೂ ಸಿಗುತ್ತದೆ, ಪುಕ್ಕಟೆ.

ಭಾನುವಾರ ಹೋಗಬೇಡಿ. ಚರ್ಚುಗಳಲ್ಲಿ ಪೂಜೆ ನಡೆಯುತ್ತಿರುತ್ತದೆ, ಪೇಟೆಯಲ್ಲಿ ಅಂಗಡಿಗಳು ಬಹಳಷ್ಟು ಬಾಗಿಲು ಹಾಕಿರುತ್ತವೆ, ಹಡಗಿನ ಟಿಕೆಟ್ಟೂ ವಾರದ ದಿನಕ್ಕಿಂತ ದುಬಾರಿ. ಗೋವಾದ ಮದ್ಯ ಫೆನಿಯ ಬಾಟಲಿ ತರುವ ಆಸೆ ಇದ್ದರೆ ಕಾರವಾರದ ಹತ್ತಿರ ಗಡಿಯ ಮಾಜಾಳಿಯಲ್ಲಿ ಚೆಕ್‌ಪೋಸ್ಟ್ ಇದೆ, ಡಿಕ್ಕಿ ತೆಗೆಸಿ ನೋಡುತ್ತಾರೆ.